ಹಳೆಯ ಕಾರಿನ ಇಂಧನ ಇಂಜೆಕ್ಟರು

ಸಂತೇಬೆನ್ನೂರಿನ ಸುತ್ತಿನ ಅಡಕೆ ತೋಟಗಳಲ್ಲಿ ಹನಿ ನೀರಾವರಿಯ ಕೊಳವೆಗಳನ್ನು ಕಾಣದ ವಿದ್ಯಾರ್ಥಿಗಳು ಆ ಕಡೆಯಲ್ಲಿ ವಿರಳ. ಕೊಳವೆ ಬಾವಿಯಿಂದ ಮೇಲೆ ಬಂದ ನೀರು ಮೊದಲು ಒಂದು ಶೋಧಕವನ್ನು ದಾಟಿ, ಕಪ್ಪು ಕೊಳವೆಗಳಲ್ಲಿ ಹರಿದು, ಪ್ರತಿಯೊಂದು ಮರದ ಬುಡದಲ್ಲಿಯೂ ಒಂದು ಸಣ್ಣ ರಂಧ್ರದಿಂದ ತೊಟ್ಟಿಕ್ಕುತ್ತದೆ. ಕೆಲವು ಕಾಲ ಕಳೆದ ಮೇಲೆ ತೋಟದಲ್ಲಿ ಎಲ್ಲೋ ಒಂದು ಮರ ಬಾಡತೊಡಗುತ್ತದೆ. ಪಂಪು ಸರಿಯಾಗಿದೆ, ಕೊಳವೆಯಲ್ಲಿ ನೀರಿದೆ, ಅಕ್ಕಪಕ್ಕದ ಮರಗಳು ಹಸುರಾಗಿವೆ. ಬಗ್ಗಿ ನೋಡಿದರೆ ಆ ಒಂದು ರಂಧ್ರದ ಬಾಯಿಯಲ್ಲಿ ಬಿಳಿಯ ಉಪ್ಪು ಗಟ್ಟಿಯಾಗಿ ಕುಳಿತಿರುತ್ತದೆ.

ಮೋಟಾರು ಕಾರಿನ ಎಂಜಿನ್ನಿನಲ್ಲಿಯೂ ಇಂಥದೇ ಒಂದು ಏರ್ಪಾಡು ಉಂಟು. ಅಲ್ಲಿ ಹರಿಯುವುದು ನೀರಲ್ಲ, ಪೆಟ್ರೋಲು. ಮರಗಳ ಬದಲು ಸಿಲಿಂಡರುಗಳು. ರಂಧ್ರದ ಬದಲು ಇಂಜೆಕ್ಟರು ಎಂಬ ಬೆರಳುದ್ದದ ಒಂದು ಉಪಕರಣ. ತೋಟದ ರೋಗವನ್ನು ಬಲ್ಲವನು ಕಾರಿನ ಈ ರೋಗವನ್ನೂ ಅರ್ಧ ಬಲ್ಲವನೇ ಸರಿ. ಉಳಿದ ಅರ್ಧವನ್ನು ಈ ಲೇಖನದಲ್ಲಿ ವಿವರಿಸಲು ಯತ್ನಿಸುತ್ತೇವೆ.

ಈ ವಿಷಯದ ಕಡೆಗೆ ನಮ್ಮ ಗಮನ ಹರಿದುದಕ್ಕೆ ಒಂದು ಕಾರಣವುಂಟು. ಸಂತೇಬೆನ್ನೂರಿನಲ್ಲಿ ನಮ್ಮ ಪರಿಚಯದ ಬೆಳೆಗಾರರೊಬ್ಬರಲ್ಲಿ ಇಪ್ಪತ್ತು ವರ್ಷ ದಾಟಿದ ನಾಲ್ಕು ಸಿಲಿಂಡರಿನ ಪೆಟ್ರೋಲು ಕಾರೊಂದು ಇದೆ. ಮನೆಯಿಂದ ತೋಟಕ್ಕೆ, ತೋಟದಿಂದ ಮನೆಗೆ ಹೋಗಿ ಬರುವುದೇ ಅದರ ನಿತ್ಯದ ಕೆಲಸ. ಒಂದು ರಾತ್ರಿ ಮನೆಯ ಹಿರಿಯರೊಬ್ಬರಿಗೆ ಉಸಿರಾಟದ ತೊಂದರೆಯಾಗಿ ದಾವಣಗೆರೆಗೆ ಕರೆದೊಯ್ಯಬೇಕಾಯಿತು. ದಾರಿಯುದ್ದಕ್ಕೂ ಕಾರು ಜಗ್ಗಿ ಜಗ್ಗಿ ನಡೆಯಿತು. ಏರಿನಲ್ಲಿ ಎರಡು ಸಲ ನಿಂತೇ ಹೋಯಿತು. ಹಿರಿಯರು ಸಕಾಲಕ್ಕೆ ಆಸ್ಪತ್ರೆ ಸೇರಿ ಗುಣಮುಖರಾದರೆಂಬುದು ಸಮಾಧಾನದ ಮಾತು. ಆದರೆ ಮನೆಯವರ ನಂಬಿಕೆ ಅಲುಗಾಡಿತು. ಒಬ್ಬರು ನಾಲ್ಕು ಇಂಜೆಕ್ಟರುಗಳನ್ನೂ ಹೊಸದಾಗಿ ಹಾಕಿಸಬೇಕೆಂದರು. ಇನ್ನೊಬ್ಬರು ಕಾರನ್ನೇ ಗುಜರಿಗೆ ಕೊಡಬೇಕೆಂದರು. ಯಾರ ಮಾತು ಸರಿ? ಇದನ್ನು ತೀರ್ಮಾನಿಸುವುದು ಅಳತೆಯೇ ಹೊರತು ಅಭಿಪ್ರಾಯವಲ್ಲ.

ಗಾಳಿಯೂ ಪೆಟ್ರೋಲೂ

ಪೆಟ್ರೋಲು ತಾನಾಗಿ ಉರಿಯಲಾರದು. ಅದಕ್ಕೆ ಗಾಳಿಯ ಆಮ್ಲಜನಕ ಬೇಕು. ಒಂದು ಗ್ರಾಮು ಪೆಟ್ರೋಲು ಪೂರ್ತಿಯಾಗಿ ಉರಿಯಲು ಸುಮಾರು ೧೪.೭ ಗ್ರಾಮು ಗಾಳಿ ಬೇಕೆಂದು ರಸಾಯನ ಶಾಸ್ತ್ರವು ಲೆಕ್ಕ ಹಾಕಿ ತೋರಿಸುತ್ತದೆ. ಗಾಳಿ ಇದಕ್ಕಿಂತ ಕಡಮೆಯಾದರೆ ಪೆಟ್ರೋಲು ಅರೆಬರೆ ಸುಟ್ಟು ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವಾಗುತ್ತದೆ. ಗಾಳಿ ತೀರ ಹೆಚ್ಚಾದರೆ ಮಿಶ್ರಣ ತೆಳುವಾಗಿ, ಕಿಡಿ ಹಾರಿದರೂ ಜ್ವಾಲೆ ಹರಡದೆ ಹೋಗಬಹುದು. ಎಂಜಿನ್ನು ಜಗ್ಗುವುದಕ್ಕೆ ಇದೂ ಒಂದು ಕಾರಣ.

ಹಿಂದಿನ ಕಾರುಗಳಲ್ಲಿ ಈ ಮಿಶ್ರಣವನ್ನು ಸಿದ್ಧಗೊಳಿಸುತ್ತಿದ್ದುದು ಕಾರ್ಬುರೇಟರು. ಎಂಜಿನ್ನು ಗಾಳಿಯನ್ನು ಒಳಕ್ಕೆ ಎಳೆಯುವಾಗ ಆ ಗಾಳಿಯು ಒಂದು ಇಕ್ಕಟ್ಟಾದ ಕಂಠದಲ್ಲಿ ವೇಗವಾಗಿ ಹಾಯುತ್ತದೆ. ಅಲ್ಲಿ ಒತ್ತಡ ತಗ್ಗುತ್ತದೆ. ಪಕ್ಕದ ಸಣ್ಣ ಕೊಳವೆಯಿಂದ ಪೆಟ್ರೋಲು ತಾನಾಗಿ ಮೇಲೆದ್ದು ಗಾಳಿಯೊಡನೆ ಬೆರೆಯುತ್ತದೆ. ಇದು ಜಾಣತನದ ಏರ್ಪಾಡೇ. ಆದರೆ ಅದರ ಅಳತೆ ಒರಟು. ನಮ್ಮ ದೇಶದಲ್ಲಿ ೨೦೦೦ನೆಯ ಇಸವಿಯಲ್ಲಿ ಯೂರೋ ಒಂದರ ಮಾದರಿಯ ಹೊಗೆ ನಿಯಮಗಳೂ, ೨೦೦೫ರಲ್ಲಿ ಭಾರತ್ ಎರಡನೆಯ ಹಂತದ ನಿಯಮಗಳೂ ಎಲ್ಲೆಡೆ ಜಾರಿಗೆ ಬಂದಾಗ, ಹೊಸ ಕಾರುಗಳಲ್ಲಿ ಕಾರ್ಬುರೇಟರಿನ ಸ್ಥಾನವನ್ನು ಇಂಜೆಕ್ಟರುಗಳು ಆಕ್ರಮಿಸಿದವು. ಇದು ಜಗತ್ತಿಗೆ ಹೊಸದೇನೂ ಆಗಿರಲಿಲ್ಲ. ಜರ್ಮನಿಯ ಬಾಷ್ ಸಂಸ್ಥೆಯ ವಿದ್ಯುನ್ಮಾನ ಇಂಜೆಕ್ಷನ್ ಏರ್ಪಾಡು ಫೋಕ್ಸ್‌ವ್ಯಾಗನ್ ಕಾರಿನಲ್ಲಿ ಬಂದದ್ದು ೧೯೬೭ರಲ್ಲಿ. ಆ ಮೊದಲ ತಲೆಮಾರಿನ ನಮ್ಮ ಇಂಜೆಕ್ಟರು ಕಾರುಗಳೇ ಇಂದಿನ ‘ಹಳೆಯ ಕಾರು’ಗಳು.

ಇಂಜೆಕ್ಟರಿನ ಒಳಗೆ

ಇಂಜೆಕ್ಟರು ಎಂದರೆ ವಿದ್ಯುತ್ತಿನಿಂದ ತೆರೆಯುವ ಒಂದು ಕವಾಟ. ಅದರ ಮೇಲ್ಭಾಗದಲ್ಲಿ ಪುಟ್ಟ ಬುಟ್ಟಿಯಂಥ ಸೂಕ್ಷ್ಮ ಶೋಧಕ. ನಡುವೆ ತಾಮ್ರದ ತಂತಿಯ ಸುರುಳಿ. ಸುರುಳಿಯೊಳಗೆ ಕಬ್ಬಿಣದ ತಿರುಳಿಗೆ ಅಂಟಿದ ಸೂಜಿ. ಸೂಜಿಯನ್ನು ಕೆಳಕ್ಕೆ ಒತ್ತುವ ಸ್ಪ್ರಿಂಗು. ತುದಿಯಲ್ಲಿ ಒಂದು ಅಥವಾ ಹಲವು ಸಣ್ಣ ರಂಧ್ರಗಳು. ಸುರುಳಿಯಲ್ಲಿ ವಿದ್ಯುತ್ತು ಹರಿದಾಗ ಅದು ಕಾಂತವಾಗಿ ಸೂಜಿಯನ್ನು ಮೇಲಕ್ಕೆ ಸೆಳೆಯುತ್ತದೆ. ಸೂಜಿ ಏಳುವ ಎತ್ತರ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಮಾತ್ರ. ಅಷ್ಟರಲ್ಲೇ ಮೂರು ವಾಯುಭಾರದ ಆಸುಪಾಸಿನ ಒತ್ತಡದಲ್ಲಿ ನಿಂತಿದ್ದ ಪೆಟ್ರೋಲು ನವಿರಾದ ತುಂತುರಾಗಿ ಹೊರಕ್ಕೆ ಚಿಮ್ಮುತ್ತದೆ. ವಿದ್ಯುತ್ತು ನಿಂತೊಡನೆ ಸ್ಪ್ರಿಂಗು ಸೂಜಿಯನ್ನು ಒತ್ತಿ ಬಾಗಿಲು ಮುಚ್ಚುತ್ತದೆ.

ಎಷ್ಟು ಪೆಟ್ರೋಲು ಹೋಗಬೇಕೆಂಬುದನ್ನು ನಿರ್ಣಯಿಸುವುದು ಹೇಗೆ? ಸೂಳೆಕೆರೆಯ ತೂಬನ್ನು ನೆನೆಯಿರಿ. ಕೆರೆಯ ನೀರಿನ ಮಟ್ಟ ಬದಲಾಗದಿದ್ದರೆ, ತೂಬಿನ ಬಾಯಿ ಒಂದೇ ಅಳತೆಯದಾಗಿದ್ದರೆ, ನಾಲೆಗೆ ಹೋಗುವ ನೀರು ತೂಬನ್ನು ತೆರೆದಿಟ್ಟ ಕಾಲವನ್ನು ಮಾತ್ರ ಅವಲಂಬಿಸುತ್ತದೆ. ಕಾರಿನಲ್ಲಿ ಒತ್ತಡ ನಿಯಂತ್ರಕವು ‘ಕೆರೆಯ ಮಟ್ಟ’ವನ್ನು ಸ್ಥಿರವಾಗಿಡುತ್ತದೆ, ಗಣಕವೊಂದು ತೂಬಿನ ನೀರುಗಂಟಿಯಂತೆ ಕಾಲವನ್ನು ಎಣಿಸುತ್ತದೆ. ವ್ಯತ್ಯಾಸವಿರುವುದು ಕಾಲದ ಪ್ರಮಾಣದಲ್ಲಿ. ನಿಂತಲ್ಲೇ ಓಡುವ ಎಂಜಿನ್ನಿನಲ್ಲಿ ಇಂಜೆಕ್ಟರು ಪ್ರತಿ ಸಲವೂ ತೆರೆದಿರುವುದು ಸೆಕೆಂಡಿನ ಸಾವಿರದ ಎರಡು ಮೂರು ಭಾಗ ಮಾತ್ರ!

ಒಂದು ಸುಲಭ ಲೆಕ್ಕ ಮಾಡೋಣ. ನಾಲ್ಕು ಸಿಲಿಂಡರಿನ ಒಂದು ಕಾರು ಗಂಟೆಗೆ ೬೦ ಕಿಲೋಮೀಟರು ವೇಗದಲ್ಲಿ, ಲೀಟರಿಗೆ ೧೫ ಕಿಲೋಮೀಟರಿನಂತೆ ಓಡುತ್ತಿದೆಯೆನ್ನಿ. ಗಂಟೆಗೆ ೪ ಲೀಟರು ಪೆಟ್ರೋಲು ಖರ್ಚಾಯಿತು. ಎಂಜಿನ್ನು ನಿಮಿಷಕ್ಕೆ ೩,೦೦೦ ಸುತ್ತು ತಿರುಗುತ್ತಿದ್ದರೆ, ಎರಡು ಸುತ್ತಿಗೊಮ್ಮೆ ಪ್ರತಿ ಇಂಜೆಕ್ಟರೂ ತೆರೆಯುವುದರಿಂದ, ನಾಲ್ಕೂ ಸೇರಿ ನಿಮಿಷಕ್ಕೆ ೬,೦೦೦ ಸಲ, ಗಂಟೆಗೆ ೩,೬೦,೦೦೦ ಸಲ ತೆರೆಯುತ್ತವೆ. ೪,೦೦೦ ಮಿಲಿಲೀಟರನ್ನು ಇದರಿಂದ ಭಾಗಿಸಿದರೆ ಒಂದು ಸಲಕ್ಕೆ ಬರುವುದು ಸುಮಾರು ೦.೦೧೧ ಮಿಲಿಲೀಟರು. ಒಂದು ನೀರಿನ ಹನಿಯ ಐದನೆಯ ಒಂದು ಭಾಗ! ಇಷ್ಟು ಅಲ್ಪವಾದುದನ್ನು ತಪ್ಪದೆ ಅಳೆಯುವ ಉಪಕರಣದ ಬಾಯಿಯಲ್ಲಿ ಒಂದು ಪದರ ಜಿಡ್ಡು ಕುಳಿತರೂ ಅಳತೆ ಕೆಡುವುದರಲ್ಲಿ ಆಶ್ಚರ್ಯವಿಲ್ಲ.

ಜಿಡ್ಡು ಕೂರುವ ಬಗೆ

ಎಂಜಿನ್ನು ಓಡುವಾಗ ಇಂಜೆಕ್ಟರು ಕೊಳೆಯಾಗುತ್ತದೆಂದು ಹಲವರ ಎಣಿಕೆ. ನಿಜವಾಗಿ ಅದು ಹೆಚ್ಚು ಕೊಳೆಯಾಗುವುದು ಎಂಜಿನ್ನು ನಿಂತ ಮೇಲೆ. ಓಡುವಾಗ ತಣ್ಣನೆಯ ಪೆಟ್ರೋಲು ಅದರ ಮೂಲಕ ಹರಿಯುತ್ತಾ ತುದಿಯನ್ನು ತಂಪಾಗಿಡುತ್ತದೆ. ಎಂಜಿನ್ನನ್ನು ನಿಲ್ಲಿಸಿದೊಡನೆ ಈ ಹರಿವೂ ನಿಲ್ಲುತ್ತದೆ. ಕಾದ ಲೋಹದ ಶಾಖ ಇಂಜೆಕ್ಟರಿನ ತುದಿಗೆ ಏರುತ್ತದೆ. ತುದಿಯಲ್ಲಿ ಉಳಿದ ತೆಳು ಪದರದ ಹಗುರ ಅಂಶಗಳು ಆವಿಯಾಗಿ, ಭಾರವಾದ ಅಂಶಗಳು ಮೆರುಗೆಣ್ಣೆಯಂತೆ ಗಟ್ಟಿಯಾಗುತ್ತವೆ. ಹನಿ ನೀರಾವರಿಯ ರಂಧ್ರದಲ್ಲಿ ನೀರು ಆರಿ ಉಪ್ಪು ಉಳಿದಂತೆಯೇ ಇದು.

ಹೀಗಾಗಿ, ಒಮ್ಮೆಗೆ ನೂರು ಕಿಲೋಮೀಟರು ಓಡುವ ಕಾರಿಗಿಂತ ದಿನಕ್ಕೆ ಹತ್ತು ಸಲ ಓಡಿ ಹತ್ತು ಸಲ ನಿಲ್ಲುವ ಕಾರಿಗೆ ಈ ರೋಗ ಬೇಗ ತಗಲುತ್ತದೆ. ನಮ್ಮ ಬೆಳೆಗಾರರ ಕಾರು ಈ ಎರಡನೆಯ ಜಾತಿಗೆ ಸೇರಿದ್ದು. ‘ಕಡಮೆ ಓಡಿದೆ, ಆದುದರಿಂದ ಚೆನ್ನಾಗಿದೆ’ ಎಂಬ ಮಾತು ಇಂಜೆಕ್ಟರಿನ ವಿಷಯದಲ್ಲಿ ಸಲ್ಲದು.

ಒಂದು ಇಂಜೆಕ್ಟರು ಕೊಳೆಯಾದರೆ ಉಳಿದ ಮೂರಕ್ಕೆ ಏನು ಬಾಧೆ ಎಂದು ಕೇಳಬಹುದು. ಇಲ್ಲಿ ಒಂದು ಸ್ವಾರಸ್ಯವಿದೆ. ಹೊಗೆಕೊಳವೆಯಲ್ಲಿ ಆಮ್ಲಜನಕ ಸಂವೇದಕವಿರುವ ಕಾರಿನಲ್ಲಿ ಗಣಕಕ್ಕೆ ತಿಳಿಯುವುದು ನಾಲ್ಕೂ ಸಿಲಿಂಡರುಗಳ ಸರಾಸರಿ ಮಾತ್ರ. ಮೂರನೆಯ ಇಂಜೆಕ್ಟರು ೧೦೦ರ ಬದಲು ೮೦ ಭಾಗ ಪೆಟ್ರೋಲು ಕೊಡುತ್ತಿದೆಯೆನ್ನಿ. ಒಟ್ಟು ೪೦೦ ಆಗಬೇಕಾದಲ್ಲಿ ೩೮೦ ಆಯಿತು. ಕೊರತೆಯನ್ನು ತುಂಬಲು ಗಣಕವು ನಾಲ್ಕು ಇಂಜೆಕ್ಟರುಗಳ ಕಾಲವನ್ನೂ ನೂರಕ್ಕೆ ೫.೩ರಷ್ಟು ಹೆಚ್ಚಿಸುತ್ತದೆ. ಈಗ ಒಳ್ಳೆಯ ಮೂರು ೧೦೫.೩ ಭಾಗವನ್ನೂ, ಕೆಟ್ಟದ್ದು ೮೪.೨ ಭಾಗವನ್ನೂ ಕೊಡುತ್ತವೆ. ಸರಾಸರಿ ಸರಿಯಾಯಿತು, ಆದರೆ ಯಾವ ಸಿಲಿಂಡರೂ ಸರಿಯಾಗಲಿಲ್ಲ! ಒಳ್ಳೆಯ ಮೂರರಲ್ಲಿ ಗಾಳಿಯ ಪ್ರಮಾಣ ೧೪.೭ರಿಂದ ಸುಮಾರು ೧೪ಕ್ಕೆ ಇಳಿದು ಪೆಟ್ರೋಲು ಪೋಲಾಗುತ್ತದೆ, ಮೂರನೆಯದರಲ್ಲಿ ೧೭.೫ಕ್ಕೆ ಏರಿ ಉರಿ ತಪ್ಪುತ್ತದೆ. ಉರಿಯದೆ ಹೊರಬಿದ್ದ ಪೆಟ್ರೋಲು ಹೊಗೆಕೊಳವೆಯ ವೇಗವರ್ಧಕ ಪೆಟ್ಟಿಗೆಯಲ್ಲಿ ಉರಿದು ಅದನ್ನು ಅತಿಯಾಗಿ ಕಾಯಿಸಿ ಹಾಳುಮಾಡಬಹುದು. ಸಣ್ಣ ರೋಗವನ್ನು ಅಲಕ್ಷಿಸಿದರೆ ದೊಡ್ಡ ವೆಚ್ಚ ಬರುವ ದಾರಿ ಇದು.

ನಿದಾನ ಮೊದಲು, ಔಷಧ ಆಮೇಲೆ

ಕಾರು ಜಗ್ಗಿದೊಡನೆ ಇಂಜೆಕ್ಟರನ್ನು ದೂರುವುದು ನ್ಯಾಯವಲ್ಲ. ತೋಟದಲ್ಲಿ ಎಲ್ಲ ಮರಗಳೂ ಒಟ್ಟಿಗೆ ಬಾಡಿದರೆ ನಾವು ಪಂಪನ್ನೂ ಶೋಧಕವನ್ನೂ ನೋಡುತ್ತೇವೆ. ಒಂದೇ ಮರ ಬಾಡಿದರೆ ಅದರ ಬುಡವನ್ನು ನೋಡುತ್ತೇವೆ. ಕಾರಿನಲ್ಲಿಯೂ ಇದೇ ಕ್ರಮ.

ರಂಧ್ರದ ಮೂಲಕ ಹರಿಯುವ ದ್ರವದ ಪ್ರಮಾಣ ಒತ್ತಡದ ವರ್ಗಮೂಲವನ್ನು ಅನುಸರಿಸುತ್ತದೆ. ಇಂಧನದ ಶೋಧಕ ಕಟ್ಟಿ, ಅಥವಾ ಪಂಪು ಸೋತು, ಒತ್ತಡವು ನೂರರಿಂದ ೮೧ಕ್ಕೆ ಇಳಿದರೆ ಹರಿವು ನೂರರಿಂದ ೯೦ಕ್ಕೆ ಇಳಿಯುತ್ತದೆ. ಆದರೆ ನಾಲ್ಕರಲ್ಲಿಯೂ ಸಮವಾಗಿ ಇಳಿಯುತ್ತದೆ. ಆದ್ದರಿಂದ ಮೊದಲು ಒತ್ತಡಮಾಪಕದಿಂದ ಒತ್ತಡವನ್ನು ಅಳೆದು, ಶೋಧಕದ ವಯಸ್ಸನ್ನು ವಿಚಾರಿಸಬೇಕು.

ಅದು ಸರಿಯಿದ್ದರೆ ಎರಡನೆಯ ಪರೀಕ್ಷೆ. ಎಂಜಿನ್ನು ನಿಂತಲ್ಲೇ ಓಡುತ್ತಿರುವಾಗ ಒಂದೊಂದೇ ಇಂಜೆಕ್ಟರಿನ ವಿದ್ಯುತ್ ಜೋಡಣೆಯನ್ನು ಕೆಲವೇ ಸೆಕೆಂಡು ಕಳಚಿ ನೋಡುವುದು. ಸರಿಯಾಗಿ ದುಡಿಯುತ್ತಿದ್ದ ಸಿಲಿಂಡರು ನಿಂತರೆ ಎಂಜಿನ್ನಿನ ವೇಗ ಇಳಿದು ನಡುಕ ಹೆಚ್ಚಾಗುತ್ತದೆ. ಕಳಚಿದರೂ ವ್ಯತ್ಯಾಸವೇ ಆಗದಿದ್ದರೆ ಆ ಸಿಲಿಂಡರು ಮೊದಲೇ ಸೋಮಾರಿಯಾಗಿತ್ತೆಂದು ಅರ್ಥ. ಆದರೆ ಸೋಮಾರಿತನಕ್ಕೆ ಕಾರಣ ಕಿಡಿಯದೋ ಇಂಧನದ್ದೋ? ಆ ಸಿಲಿಂಡರಿನ ಸ್ಪಾರ್ಕ್ ಪ್ಲಗ್ಗನ್ನು ಪಕ್ಕದ ಸಿಲಿಂಡರಿನದಕ್ಕೆ ಅದಲು ಬದಲು ಮಾಡಿ ನೋಡಬೇಕು. ರೋಗವು ಪ್ಲಗ್ಗಿನ ಜೊತೆಗೆ ಹೋದರೆ ತಪ್ಪು ಪ್ಲಗ್ಗಿನದು. ಇದ್ದಲ್ಲೇ ಉಳಿದರೆ ಬೇರೆಡೆ ಹುಡುಕಬೇಕು. ಈ ‘ಸ್ಥಾನಪಲ್ಲಟ’ದ ಉಪಾಯ ವಿಜ್ಞಾನದ ಎಲ್ಲ ಶಾಖೆಗಳಲ್ಲಿಯೂ ಸಲ್ಲುವಂಥದು: ಒಮ್ಮೆಗೆ ಒಂದನ್ನು ಮಾತ್ರ ಬದಲಿಸಿ ಫಲವನ್ನು ನೋಡುವುದು.

ಮೂರನೆಯದು ಕಿವಿಯ ಪರೀಕ್ಷೆ. ಉದ್ದನೆಯ ತಿರುಪುಳಿಯ ತುದಿಯನ್ನು ಇಂಜೆಕ್ಟರಿನ ಮೇಲಿಟ್ಟು ಹಿಡಿಯನ್ನು ಕಿವಿಗೆ ಒತ್ತಿದರೆ ಸೂಜಿಯ ‘ಟಿಕ್ ಟಿಕ್’ ಸದ್ದು ಕೇಳಿಸುತ್ತದೆ. ತಿರುಗುವ ಪಟ್ಟಿಯಿಂದಲೂ ಬೀಸಣಿಗೆಯಿಂದಲೂ ತಲೆಯನ್ನು ದೂರವಿಡಬೇಕೆಂಬುದನ್ನು ಮರೆಯಬಾರದು. ಸದ್ದೇ ಇಲ್ಲದಿದ್ದರೆ ಎಂಜಿನ್ನನ್ನು ನಿಲ್ಲಿಸಿ, ಜೋಡಣೆಯನ್ನು ಕಳಚಿ ಸುರುಳಿಯ ರೋಧವನ್ನು ಅಳೆಯಬೇಕು. ಸಾಮಾನ್ಯ ಕಾರುಗಳ ಇಂಜೆಕ್ಟರುಗಳಲ್ಲಿ ಇದು ಸುಮಾರು ೧೨ರಿಂದ ೧೬ ಓಮ್ ಇರುತ್ತದೆ. ಮಾಪಕವು ಅನಂತ ರೋಧವನ್ನು ತೋರಿಸಿದರೆ ತಂತಿ ತುಂಡಾಗಿದೆ. ತೀರ ಕಡಮೆ ತೋರಿಸಿದರೆ ಸುರುಳಿಯ ಸುತ್ತುಗಳು ಒಂದನ್ನೊಂದು ಮುಟ್ಟಿವೆ. ಇವೆರಡಕ್ಕೂ ಯಾವ ತೊಳೆತವೂ ಔಷಧವಲ್ಲ, ಬದಲಾವಣೆಯೇ ಗತಿ.

ಬೆಳೆಗಾರರ ಕಾರಿನಲ್ಲಿ ಒತ್ತಡ ಸರಿಯಿತ್ತು. ನಾಲ್ಕು ಸುರುಳಿಗಳೂ ಸರಿಯಿದ್ದವು. ಪ್ಲಗ್ಗನ್ನು ಬದಲಿಸಿದರೂ ಮೂರನೆಯ ಸಿಲಿಂಡರು ಮೈಗಳ್ಳನಾಗಿಯೇ ಉಳಿಯಿತು. ಆದುದರಿಂದ ಇಂಜೆಕ್ಟರುಗಳನ್ನು ಹೊರಕ್ಕೆ ತೆಗೆಯುವುದೆಂದು ತೀರ್ಮಾನವಾಯಿತು.

ಬಿಚ್ಚುವ ಕ್ರಮ

ಇಲ್ಲಿ ನಮ್ಮ ತರುಣ ಓದುಗರಿಗೆ ಒಂದು ಮಾತು. ಈ ಕೆಲಸವನ್ನು ಅನುಭವಸ್ಥನಾದ ಯಂತ್ರಕಾರನ ಜೊತೆಯಲ್ಲಿ ನಿಂತು ನೋಡಬೇಕೇ ಹೊರತು ಒಂಟಿಯಾಗಿ ಕೈಹಾಕಬಾರದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ಮೇಲೇರದೆ ನೆಲದ ಮೇಲೆ ನೀರಿನಂತೆ ಹರಿದು, ದೂರದಲ್ಲಿರುವ ಒಲೆಯನ್ನೋ ವಿದ್ಯುತ್ ಕಿಡಿಯನ್ನೋ ಮುಟ್ಟಿ, ಅಲ್ಲಿಂದ ಬೆಂಕಿಯನ್ನು ಹಿಂದಕ್ಕೆ ತರಬಲ್ಲದು. ಗಾಳಿಯಲ್ಲಿ ನೂರಕ್ಕೆ ಸುಮಾರು ಒಂದೂವರೆ ಪಾಲು ಈ ಆವಿಯಿದ್ದರೂ ಸಾಕು, ಅದು ಹೊತ್ತಿಕೊಳ್ಳುತ್ತದೆ. ಆದ್ದರಿಂದ ಕೆಲಸವು ಬಯಲಿನಲ್ಲಿ, ತಣ್ಣಗಾದ ಎಂಜಿನ್ನಿನ ಮೇಲೆ, ಅಗ್ನಿಶಾಮಕವನ್ನು ಪಕ್ಕದಲ್ಲಿಟ್ಟುಕೊಂಡು ನಡೆಯಬೇಕು.

ಎಂಜಿನ್ನು ನಿಂತ ಮೇಲೂ ಇಂಧನದ ಕೊಳವೆಯಲ್ಲಿ ಒತ್ತಡ ಉಳಿದಿರುತ್ತದೆ. ಹಾಗೆಯೇ ಬಿಚ್ಚಿದರೆ ಪೆಟ್ರೋಲು ಮುಖಕ್ಕೆ ಚಿಮ್ಮೀತು. ಮೊದಲು ಇಂಧನ ಪಂಪಿನ ಫ್ಯೂಸನ್ನು ತೆಗೆದು ಎಂಜಿನ್ನನ್ನು ನಡೆಸಿ, ಕೊಳವೆಯಲ್ಲಿ ಉಳಿದ ಇಂಧನದ ಒತ್ತಡ ತೀರಿ ಅದು ತಾನಾಗಿ ನಿಲ್ಲುವವರೆಗೆ ಬಿಡಬೇಕು. ಆಮೇಲೆ ಎಂಜಿನ್ನು ಆರುವವರೆಗೆ ಕಾದು, ಬ್ಯಾಟರಿಯ ಋಣ ತುದಿಯನ್ನು ಕಳಚಬೇಕು. ಇಂಜೆಕ್ಟರುಗಳ ಸುತ್ತಲಿನ ಧೂಳನ್ನು ಗಾಳಿಯಿಂದ ಊದಿ ತೆಗೆಯುವುದು ಮುಂದಿನ ಹೆಜ್ಜೆ. ಇಲ್ಲವಾದರೆ ಇಂಜೆಕ್ಟರನ್ನು ಎಳೆದೊಡನೆ ಆ ಧೂಳು ನೇರವಾಗಿ ಎಂಜಿನ್ನಿನ ಹೊಟ್ಟೆಗೆ ಬೀಳುತ್ತದೆ. ಬಳಿಕ ವಿದ್ಯುತ್ ಜೋಡಣೆಗಳನ್ನು ಕಳಚಿ, ಇಂಧನದ ಕೊಳವೆಯ ಕೀಲಿಗೆ ಬಟ್ಟೆ ಸುತ್ತಿ ಬಿಚ್ಚಿ, ಇಂಜೆಕ್ಟರುಗಳು ಕೂಡಿರುವ ಉದ್ದ ಕೊಳವೆಯ ತಿರುಪುಗಳನ್ನು ತೆಗೆದು, ಎಲ್ಲವನ್ನೂ ಒಟ್ಟಾಗಿ ಮೆಲ್ಲನೆ ಅಲುಗಿಸಿ ಎತ್ತಬೇಕು. ಪ್ರತಿಯೊಂದಕ್ಕೂ ಅದು ಕುಳಿತಿದ್ದ ಸಿಲಿಂಡರಿನ ಸಂಖ್ಯೆಯ ಚೀಟಿ ಕಟ್ಟಬೇಕು. ತೆರೆದ ರಂಧ್ರಗಳನ್ನು ಶುಭ್ರವಾದ ಬಟ್ಟೆಯಿಂದ ಮುಚ್ಚಬೇಕು.

ತೊಳೆಯುವುದು, ಅಳೆಯುವುದು

ತೋಟದಲ್ಲಿ ಕಟ್ಟಿದ ರಂಧ್ರವನ್ನು ಗುಂಡುಸೂಜಿಯಿಂದ ಚುಚ್ಚಿ ಬಿಡಿಸುವವರುಂಟು. ಇಂಜೆಕ್ಟರಿಗೆ ಈ ಚಿಕಿತ್ಸೆ ಕೂಡದು. ರಂಧ್ರ ಕಣ್ಣಿಗೆ ಕಾಣದಷ್ಟು ಹಿಗ್ಗಿದರೂ, ಅಂಚು ಸ್ವಲ್ಪ ಒರಟಾದರೂ, ಅಳತೆಯೂ ತುಂತುರಿನ ಆಕಾರವೂ ಕೆಡುತ್ತವೆ. ಹಾಗೆಯೇ ಒಣಗಿದ ಇಂಜೆಕ್ಟರಿಗೆ ಬ್ಯಾಟರಿಯ ೧೨ ವೋಲ್ಟನ್ನು ಎಡೆಬಿಡದೆ ಹಿಡಿಯುವುದೂ ತಪ್ಪು. ಅದು ಕ್ಷಣ ಕ್ಷಣದ ಕೆಲಸಕ್ಕಾಗಿ ರಚಿತವಾದುದು. ತಂಪುಗೊಳಿಸುವ ಪೆಟ್ರೋಲಿಲ್ಲದೆ ದೀರ್ಘಕಾಲ ವಿದ್ಯುತ್ತು ಹರಿದರೆ ಸುರುಳಿ ಸುಟ್ಟೀತು.

ಸರಿಯಾದ ಉಪಾಯ ಶ್ರವಣಾತೀತ ಧ್ವನಿಯದು. ತೊಳೆಯುವ ದ್ರವ ತುಂಬಿದ ತೊಟ್ಟಿಯಲ್ಲಿ ಇಂಜೆಕ್ಟರುಗಳ ತುದಿಗಳನ್ನು ಮುಳುಗಿಸಿ, ಸೆಕೆಂಡಿಗೆ ಸುಮಾರು ೪೦,೦೦೦ ಸಲ ಕಂಪಿಸುವ ಧ್ವನಿಯನ್ನು ಹಾಯಿಸುತ್ತಾರೆ. ನಮ್ಮ ಕಿವಿಗೆ ೨೦,೦೦೦ಕ್ಕಿಂತ ಮೇಲಿನ ಕಂಪನಗಳು ಕೇಳಿಸವು. ಧ್ವನಿಯ ಅಲೆ ಹಾಯುವಾಗ ದ್ರವದಲ್ಲಿ ಒತ್ತಡ ಒಮ್ಮೆ ಇಳಿದು ಒಮ್ಮೆ ಏರುತ್ತದೆ. ಇಳಿದಾಗ ಸೂಕ್ಷ್ಮ ಗುಳ್ಳೆಗಳು ಹುಟ್ಟುತ್ತವೆ. ಏರಿದಾಗ ಅವು ಕುಸಿದು ಒಡೆಯುತ್ತವೆ. ಒಡೆಯುವಾಗ ಎದ್ದ ಚಿಕ್ಕ ಚಿಕ್ಕ ಪೆಟ್ಟುಗಳು, ಯಾವ ಕುಂಚವೂ ಹೋಗದ ಸಂದಿಯಿಂದ ಜಿಡ್ಡನ್ನು ಕೆತ್ತಿ ತೆಗೆಯುತ್ತವೆ. ಆ ಹೊತ್ತಿನಲ್ಲಿ ಯಂತ್ರವು ಸೂಜಿಗಳನ್ನು ಮಿಡಿಯುತ್ತಾ ತೆರೆದು ಮುಚ್ಚುತ್ತಿರುತ್ತದೆ.

ತೊಳೆಯುವ ಮುಂಚೆಯೂ ಅನಂತರವೂ ಅಳೆಯಬೇಕು. ನಾಲ್ಕು ಇಂಜೆಕ್ಟರುಗಳನ್ನು ಸಾಲಾಗಿ ನಿಲ್ಲಿಸಿ, ಕೆಳಗೆ ಗುರುತು ಹಾಕಿದ ನಾಲ್ಕು ಗಾಜಿನ ಕೊಳವೆಗಳನ್ನು ಇಟ್ಟು, ಒಂದೇ ಒತ್ತಡದಲ್ಲಿ ಒಂದೇ ಕಾಲ ಪರೀಕ್ಷಾ ದ್ರವವನ್ನು ಚಿಮ್ಮಿಸುತ್ತಾರೆ. ಮೂರು ವಿಷಯಗಳನ್ನು ಗಮನಿಸಬೇಕು. ಒಂದು, ನಾಲ್ಕು ಕೊಳವೆಗಳ ಮಟ್ಟ ಸಮವಾಗಿದೆಯೇ? ಎರಡು, ಚಿಮ್ಮುವುದು ಮಂಜಿನಂಥ ತುಂತುರೋ, ದಾರದಂಥ ಧಾರೆಯೋ? ಔಷಧ ಸಿಂಪಡಿಸುವ ಯಂತ್ರದ ಮೂತಿಯನ್ನು ಕಂಡ ರೈತನಿಗೆ ಈ ಎರಡರ ಭೇದವನ್ನು ಹೇಳಿಕೊಡಬೇಕಾಗಿಲ್ಲ. ಸಣ್ಣ ಕಣಗಳು ಬೇಗ ಆವಿಯಾಗಿ ಗಾಳಿಯೊಡನೆ ಬೆರೆಯುತ್ತವೆ, ಧಾರೆ ಬೆರೆಯದು. ಮೂರು, ವಿದ್ಯುತ್ತನ್ನು ನಿಲ್ಲಿಸಿ ಒತ್ತಡವನ್ನು ಮಾತ್ರ ಇಟ್ಟಾಗ ತುದಿಯಲ್ಲಿ ಹನಿ ಕಟ್ಟುತ್ತದೆಯೇ?

ಬೆಳೆಗಾರರ ಇಂಜೆಕ್ಟರುಗಳ ಪರೀಕ್ಷೆಯನ್ನು ನಾವೂ ನಿಂತು ನೋಡಿದೆವು. ಮೂರು ಕೊಳವೆಗಳಲ್ಲಿ ದ್ರವ ಹೆಚ್ಚು ಕಡಮೆ ಒಂದೇ ಮಟ್ಟಕ್ಕೆ ಏರಿತು. ಮೂರನೆಯ ಸಿಲಿಂಡರಿನದರಲ್ಲಿ ಐದನೆಯ ಒಂದು ಪಾಲು ಕಡಮೆ. ತೊಳೆದ ಮೇಲೆ ಅದೂ ಉಳಿದವುಗಳ ಸಮಕ್ಕೆ ಬಂತು. ಆದರೆ ಯಾರೂ ಶಂಕಿಸದಿದ್ದ ನಾಲ್ಕನೆಯದರ ತುದಿಯಲ್ಲಿ ಹನಿಯೊಂದು ಮೆಲ್ಲನೆ ಕಟ್ಟಿ ಬಿತ್ತು; ಮತ್ತೊಂದು ಕಟ್ಟಿತು. ಎರಡನೆಯ ಸಲ ತೊಳೆದರೂ ಹನಿ ನಿಲ್ಲಲಿಲ್ಲ. ಸೂಜಿ ಕುಳಿತುಕೊಳ್ಳುವ ಪೀಠವೇ ಸವೆದಿತ್ತು. ಸೋರುವ ಇಂಜೆಕ್ಟರು ಕಟ್ಟಿದ ಇಂಜೆಕ್ಟರಿಗಿಂತ ಅಪಾಯಕರ. ನಿಂತ ಎಂಜಿನ್ನಿನೊಳಕ್ಕೆ ಅದು ಪೆಟ್ರೋಲನ್ನು ಸುರಿಸುತ್ತಲೇ ಇರುತ್ತದೆ. ಬಿಸಿ ಎಂಜಿನ್ನು ಮರಳಿ ಹೊರಡಲು ತಿಣುಕುತ್ತದೆ. ಪೆಟ್ರೋಲು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು ಸವೆತವನ್ನು ಹೆಚ್ಚಿಸುತ್ತದೆ. ಏರಿನಲ್ಲಿ ನಿಂತ ಕಾರು ಹೊರಡಲು ಅಷ್ಟು ಹೊತ್ತು ಏಕೆ ಹಿಡಿಯಿತೆಂಬುದು ಆಗ ನಮಗೆ ತಿಳಿಯಿತು. ಹೀಗೆ ನಾಲ್ಕನ್ನೂ ಬದಲಿಸಬೇಕಾಗಿರಲಿಲ್ಲ. ಕಾರನ್ನು ಗುಜರಿಗೆ ಕೊಡಬೇಕಾಗಿಯೂ ಇರಲಿಲ್ಲ. ಒಂದು ಹೊಸದು, ಮೂರು ತೊಳೆದವು. ಗುಟ್ಟು ಅಷ್ಟೆ.

ಹೊಸದನ್ನು ಕೂಡಿಸುವಾಗ

ಹೊರಗಿನ ಆಕಾರ ಹೊಂದಿದ ಮಾತ್ರಕ್ಕೆ ಇಂಜೆಕ್ಟರು ಹೊಂದಿತೆಂದು ತಿಳಿಯಬಾರದು. ಹರಿವಿನ ಪ್ರಮಾಣ, ಸುರುಳಿಯ ರೋಧ, ತುಂತುರಿನ ಆಕಾರ ಮೂರೂ ಹಳೆಯದಕ್ಕೆ ಸಮವಾಗಿರಬೇಕು. ಅದಕ್ಕಾಗಿ ಮೈಮೇಲೆ ಮುದ್ರಿಸಿದ ಭಾಗಸಂಖ್ಯೆಯನ್ನು ನೋಡಿ ಕೊಳ್ಳಬೇಕು. ಅಗ್ಗದ ನಕಲು ಭಾಗಗಳು ಪೇಟೆಯಲ್ಲಿ ಇಲ್ಲದಿಲ್ಲ. ಹೊಸದನ್ನೂ ಹಳೆಯ ಮೂರರ ಜೊತೆಯಲ್ಲಿ ಅಳತೆಯ ಯಂತ್ರದ ಮೇಲೆ ನಿಲ್ಲಿಸಿ ನೋಡಿದರೆ ಸಂದೇಹಕ್ಕೆ ಎಡೆಯಿರದು. ಕಾರು ತೀರ ಹೆಚ್ಚು ಓಡಿದ್ದು, ಎರಡು ಮೂರು ಇಂಜೆಕ್ಟರುಗಳು ಸೋರುತ್ತಿದ್ದರೆ ಮಾತ್ರ ನಾಲ್ಕನ್ನೂ ಒಟ್ಟಿಗೆ ಬದಲಿಸುವುದು ವಿವೇಕ.

ಇಂಜೆಕ್ಟರಿನ ಮೇಲೂ ಕೆಳಗೂ ಇರುವ ರಬ್ಬರಿನ ಉಂಗುರಗಳನ್ನು ಪ್ರತಿ ಸಲವೂ ಹೊಸದಾಗಿಯೇ ಹಾಕಬೇಕು. ಮೇಲಿನದು ಒತ್ತಡದ ಪೆಟ್ರೋಲನ್ನು ತಡೆಯುತ್ತದೆ. ಅದು ಬಿರುಕಾದರೆ ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲು ಬಿದ್ದು ಬೆಂಕಿಗೆ ಆಹ್ವಾನವಾಗುತ್ತದೆ. ಕೆಳಗಿನದು ಹೊರಗಾಳಿಯನ್ನು ತಡೆಯುತ್ತದೆ. ಅದು ಬಿರುಕಾದರೆ ಅಳತೆಗೆ ಸಿಕ್ಕದ ಗಾಳಿ ಒಳನುಗ್ಗಿ ಮಿಶ್ರಣ ತೆಳುವಾಗುತ್ತದೆ. ಉಂಗುರಕ್ಕೆ ಒಂದು ತೊಟ್ಟು ಎಂಜಿನ್ ಎಣ್ಣೆ ಸವರಿ, ಓರೆಯಾಗದಂತೆ ನೇರವಾಗಿ ಒತ್ತಿ ಕೂಡಿಸಬೇಕು. ಎಲ್ಲವನ್ನೂ ಜೋಡಿಸಿದ ಮೇಲೆ ಎಂಜಿನ್ನನ್ನು ಒಡನೆ ನಡೆಸದೆ, ಕೀಲಿಯನ್ನು ಎರಡು ಮೂರು ಸಲ ಅರ್ಧ ತಿರುಗಿಸಿ ಪಂಪಿನಿಂದ ಒತ್ತಡವನ್ನು ಮಾತ್ರ ತುಂಬಿ, ಪ್ರತಿಯೊಂದು ಕೀಲನ್ನೂ ದೀಪದ ಬೆಳಕಿನಲ್ಲಿ ನೋಡಬೇಕು. ಎಲ್ಲಿಯೂ ಒದ್ದೆಯಿಲ್ಲವೆಂದು ಖಚಿತವಾದ ಮೇಲೆಯೇ ಎಂಜಿನ್ನಿಗೆ ಜೀವ ಕೊಡಬೇಕು.

ಈ ಉಂಗುರಗಳ ವಿಷಯದಲ್ಲಿ ಇತ್ತೀಚೆಗೆ ಒಂದು ಹೊಸ ಸಂಗತಿ ಸೇರಿದೆ. ೨೦೨೫ರ ವೇಳೆಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ನೂರಕ್ಕೆ ೨೦ ಪಾಲು ಎಥನಾಲ್ ಬೆರೆಯತೊಡಗಿತು. ಎಥನಾಲಿನ ಶಕ್ತಿ ಲೀಟರಿಗೆ ಲೀಟರು ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಮಾತ್ರ. ಅದು ನೀರನ್ನು ಹೀರುತ್ತದೆ. ಕೆಲವು ಹಳೆಯ ಜಾತಿಯ ರಬ್ಬರುಗಳನ್ನು ಉಬ್ಬಿಸಿ ಕೆಡಿಸುತ್ತದೆ. ತೊಟ್ಟಿಯ ತಳದ ಹಳೆಯ ಜಿಡ್ಡನ್ನು ಸಡಿಲಿಸಿ ಶೋಧಕದತ್ತ ತರುತ್ತದೆ. ಹಳೆಯ ಕಾರಿನವರು ಎಥನಾಲನ್ನು ತಾಳುವ ಫ್ಲೋರಿನ್ ರಬ್ಬರಿನ ಉಂಗುರಗಳನ್ನು ಹಾಕಿಸುವುದು, ಶೋಧಕವನ್ನು ಕಾಲಕಾಲಕ್ಕೆ ಬದಲಿಸುವುದು, ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸದಿರುವುದು ಒಳ್ಳೆಯದು. ತೊಟ್ಟಿಗೆ ಹಾಕುವ ಶುದ್ಧಿದ್ರವಗಳು ಎಳೆಯ ಜಿಡ್ಡನ್ನು ಕರಗಿಸಬಲ್ಲವು. ಸವೆದ ಪೀಠವನ್ನು ಅವು ಬೆಳೆಸಲಾರವು.

ಡೀಸೆಲಿನ ಎಚ್ಚರಿಕೆ

ಟ್ರಾಕ್ಟರಿನ ಡೀಸೆಲ್ ಇಂಜೆಕ್ಟರೂ ಹೆಸರಿನಲ್ಲಿ ಇದರ ಬಂಧು, ಬಲದಲ್ಲಿ ಅಲ್ಲ. ಡೀಸೆಲನ್ನು ಕಿಡಿಯಿಲ್ಲದೆ, ಒತ್ತಿ ಕಾದ ಗಾಳಿಯೊಳಕ್ಕೆ ಚಿಮ್ಮಿಸಬೇಕಾದುದರಿಂದ ಅಲ್ಲಿ ಒತ್ತಡ ನೂರಾರು ವಾಯುಭಾರ. ಹೊಸ ಬಗೆಯ ಎಂಜಿನ್ನುಗಳಲ್ಲಿ ಸಾವಿರಕ್ಕೂ ಮೀರಿದ್ದು. ಸೂಜಿಗೂ ಅದರ ಕೋಶಕ್ಕೂ ಇರುವ ಸಂದು ಮಿಲಿಮೀಟರಿನ ಸಾವಿರದ ಎರಡು ಮೂರು ಭಾಗ ಮಾತ್ರ. ಹೀಗಾಗಿ ಒಂದರ ಸೂಜಿಯನ್ನು ಇನ್ನೊಂದರ ಕೋಶಕ್ಕೆ ಹಾಕುವಂತಿಲ್ಲ. ಆ ಧಾರೆಗೆ ಕೈಯೊಡ್ಡಿದರೆ ಡೀಸೆಲು ಚರ್ಮವನ್ನು ತೂರಿ ಒಳಹೊಕ್ಕು ಬೆರಳನ್ನೇ ಕಳೆದುಕೊಳ್ಳುವ ಪ್ರಸಂಗ ಬರಬಹುದು. ಗಾಯ ಚಿಕ್ಕದಾಗಿ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು.

ಇಂಥ ನಯವಾದ ಕೆಲಸ ಕರ್ಣಾಟಕಕ್ಕೆ ಹೊಸದಲ್ಲ. ೧೯೫೧ರಲ್ಲಿ ಬಾಷ್ ಸಂಸ್ಥೆಯ ಸಹಯೋಗದಿಂದ ಸ್ಥಾಪಿತವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯು ಬೆಂಗಳೂರಿನ ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ಗುಗಳನ್ನೂ ಡೀಸೆಲ್ ಇಂಜೆಕ್ಷನ್ ಪಂಪುಗಳನ್ನೂ ತಯಾರಿಸಿತು. ‘ಮೈಕೋ’ ಎಂಬ ಅದರ ಹೆಸರು ಬೆಂಗಳೂರಿನ ಒಂದು ಬಡಾವಣೆಗೂ ಅಂಟಿಕೊಂಡಿತು. ೨೦೦೮ರಲ್ಲಿ ಕಂಪನಿಯ ಹೆಸರು ಬಾಷ್ ಲಿಮಿಟೆಡ್ ಎಂದು ಬದಲಾದರೂ ಹಳೆಯ ಯಂತ್ರಕಾರರ ಬಾಯಿಯಲ್ಲಿ ಮೈಕೋ ಎಂಬ ಮಾತು ಉಳಿದೇ ಇದೆ.

ಬೆಳೆಗಾರರ ಕಾರು ಈಗ ಸುಗಮವಾಗಿ ಓಡುತ್ತಿದೆ. ವಾರಕ್ಕೊಮ್ಮೆ ಅದನ್ನು ಚನ್ನಗಿರಿಯವರೆಗಾದರೂ ನಡೆಸಬೇಕೆಂದು ಮನೆಯಲ್ಲಿ ನಿಯಮ ಮಾಡಿಕೊಂಡಿದ್ದಾರೆ. ಕಳಚಿದ ನಾಲ್ಕನೆಯ ಇಂಜೆಕ್ಟರನ್ನು ಅವರ ಮನೆಯ ಹುಡುಗಿ, ಪ್ರೌಢಶಾಲೆಯ ವಿದ್ಯಾರ್ಥಿನಿ, ಬಿಸಾಡಗೊಡದೆ ತನ್ನ ಮೇಜಿನ ಮೇಲೆ ಇಟ್ಟುಕೊಂಡಿದ್ದಾಳೆ. ಗರಗಸದಿಂದ ಅದನ್ನು ಉದ್ದಕ್ಕೆ ಸೀಳಿ ಒಳಗಿನ ಸುರುಳಿಯನ್ನೂ ಸೂಜಿಯನ್ನೂ ನೋಡಬೇಕೆಂಬುದು ಅವಳ ಹಂಬಲ. ಪೆಟ್ರೋಲಿನ ಪಸೆ ಪೂರ್ತಿ ಆರಿದ ಮೇಲೆ, ದೊಡ್ಡವರ ಸಮಕ್ಷಮದಲ್ಲಿ ಹಾಗೆ ಮಾಡಬಹುದೆಂದು ನಾವು ಹೇಳಿ ಬಂದಿದ್ದೇವೆ.